ತಿಂಗಳಾದರೂ ವಾಪಸು ಬಾರದ ಪುಸ್ತಕ

ಶಾಲಾ ಗ್ರಂಥಪಾಲಕರ ತರಬೇತಿಗೆ ಅಭ್ಯರ್ಥಿಗಳನ್ನು ಆರಿಸುವ ಮಾನ್ಯರೇ,

ಬಾಗಲಕೋಟೆಯ ಸಂದರ್ಶನದಲ್ಲಿ ನೀವು ನನಗೆ ಸೊನ್ನೆ ಅಂಕ ಕೊಟ್ಟಿರಿ. ಆ ಸೊನ್ನೆ ತಪ್ಪು ಎಂಬುದೇ ನನ್ನ ದೂರು. ಅಂದೇ ಹೇಳಬೇಕಿತ್ತು, ಆದರೆ ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ.

ನಾನು ಓದಿದ್ದು ಐದನೆಯ ತರಗತಿ. ಸ್ವಯಂಸೇವಕರಿಗೆ ವಿದ್ಯಾರ್ಹತೆ ಬೇಡ ಎಂದು ನಿಮ್ಮ ಸುತ್ತೋಲೆ ಹೇಳಿತ್ತು, ನಂಬಿಬಿಟ್ಟೆ. ಎರಡು ವರ್ಷದಿಂದ ಇಳಕಲ್ಲಿನ ನಮ್ಮ ಓಣಿಯ ಶಾಲೆಯಲ್ಲಿ ಸಂಜೆ ಪುಸ್ತಕದ ಕೋಣೆ ತೆರೆಯುವವಳು ನಾನೇ. ಬರುವ ತಿಂಗಳಿಂದ ತರಬೇತಿ ಇಲ್ಲದವರ ಕೈಯಲ್ಲಿ ಕೀಲಿ ಇರಕೂಡದೆಂದು ಆದೇಶಿಸಿದ್ದೀರಿ. ನನಗೆ ತರಬೇತಿ ಕೊಡುವುದಿಲ್ಲ, ಬೇರೆಯವರನ್ನು ಕಳಿಸುವುದಿಲ್ಲ. ಇನ್ನು ಕೋಣೆಗೆ ಬೀಗವೇ ಗತಿ. ಬೀಗಕ್ಕಾದರೆ ಯಾವ ತರಬೇತಿಯೂ ಬೇಕಿಲ್ಲ ನೋಡಿ.

ನೀವು ಕೇಳಿದ್ದು ಒಂದೇ ಪ್ರಶ್ನೆ. "ಪುಸ್ತಕ ಒಯ್ದವರು ತಿಂಗಳಾದ್ರೂ ತಂದು ಕೊಡಲಿಲ್ಲ. ಏನ್ ಮಾಡ್ತಿ ತಂಗಿ?"

"ಅವರ ಮನಿಗೆ ಹೋಗಿ ಉಳಿದಿದ್ದು ಓದಿ ಹೇಳಿ ಬರ್ತೇನ್ರಿ" ಅಂದೆ.

ಎಲ್ಲರೂ ನಕ್ಕಿರಿ. ನೋಟಿಸು ಕಳಿಸುವುದೇ ಸರಿ ಉತ್ತರವಂತೆ. ಆದರೆ ಮಾನ್ಯರೇ, ನಾನು ಹೇಳಿದ್ದು ತಮಾಷೆಯಲ್ಲ, ಅನುಭವ.

ನಮ್ಮ ಓಣಿಯ ಸಂಗವ್ವ ಆಯಿ ಸೀರೆ ನೇಯುತ್ತಾಳೆ. ಕೈಕಾಲಿಗೆ ಬಿಡುವಿಲ್ಲ, ಕಿವಿಗೆ ಮಾತ್ರ ಬಿಡುವು. ಮೊಮ್ಮಗಳು ಸುಶ್ಮಿತಾ ನಮ್ಮ ಕೋಣೆಯಿಂದ ಒಯ್ದ ಕಥೆಯನ್ನು ಮಗ್ಗದ ಪಕ್ಕ ಕುಳಿತು ದಿನಾ ಓದುತ್ತಿದ್ದಳು. ಕಥೆ ಅರ್ಧವಾಗಿದ್ದಾಗ ಹುಡುಗಿ ಹುನಗುಂದಕ್ಕೆ, ಸೋದರತ್ತೆಯ ಮನೆಗೆ ಹೋದಳು. ತಿಂಗಳಾದ ಮೇಲೆ ನಾನು ಪುಸ್ತಕ ಕೇಳಲು ಹೋದೆ. ಆಯಿ ಲಾಳಿ ನಿಲ್ಲಿಸಲಿಲ್ಲ.

"ಕಥಿಯೊಳಗಿನ ಹುಡುಗಿ ಇನ್ನಾ ಬಾವ್ಯಾಗ ಅದಾಳ. ಆಕಿನ್ನ ಮ್ಯಾಲೆ ತಂದು, ಆಮ್ಯಾಲೆ ಪುಸ್ತಕ ಒಯ್ಯಿ."

"ನನಗ ಗಟ್ಟಿಯಾಗಿ ಓದಾಕ ನಾಚಿಕಿ ಬರ್ತೈತಿ ಆಯಿ."

"ಗ್ವಾಡಿ ಕಡೆ ಮಾರಿ ಮಾಡಿ ಓದು. ನಿನ್ನ ಮಾರಿ ತಗೊಂಡು ನಾ ಏನ್ ಮಾಡ್ಲಿ?"

ಗೋಡೆ ನೋಡುತ್ತ ಓದಿದೆ. ಎರಡು ಪುಟ ಆಗಿರಲಿಲ್ಲ, ಗೋಡೆಯಾಚೆಯ ಮಗ್ಗದ ಸದ್ದು ನಿಂತಿತು. "ಜರಾ ಜೋರ್ ಓದು ಬೇಟಿ, ಆ ಹುಡುಗಿ ಏನಾದ್ಲು?" ಪಕ್ಕದ ಮನೆಯ ಜೋಹರಾ ಚಾಚಿ. ಹುಡುಗಿ ಬದುಕಿದಳು. ಪುಸ್ತಕ ಅಂದೇ ನನ್ನ ಕೈ ಸೇರಿತು. ಮರುದಿನ ಚಾಚಿ ತಾನೇ ಬಂದು ಇನ್ನೊಂದು ಪುಸ್ತಕ ಒಯ್ದಳು. ನಿಮ್ಮ ನೋಟಿಸು ಇಷ್ಟು ಮಾಡುತ್ತಿತ್ತೇ? ಒಂದು ಹೆಸರಿಗೆ ಕೊಟ್ಟ ಪುಸ್ತಕವನ್ನು ಎರಡು ಮನೆ ಕೇಳಿಸಿಕೊಂಡರೆ, ಅದನ್ನು ಬರೆಯುವ ಕಾಲಂ ನಿಮ್ಮ ನಮೂನೆಯಲ್ಲಿ ಎಲ್ಲಿದೆ?

ಎಲ್ಲ ಬಲ್ಲೆ ಎನ್ನುತ್ತಿಲ್ಲ. ಪುಸ್ತಕಗಳಿಗೆ ಸಂಖ್ಯೆ ಹಾಕುವ ಕ್ರಮ ನನಗೆ ತಿಳಿಯದು. ಗೆದ್ದಲು ಹತ್ತಿದರೆ ಏನು ಮಾಡಬೇಕೋ ತಿಳಿಯದು. ಅದಕ್ಕೇ ತರಬೇತಿ ಕೇಳುತ್ತಿದ್ದೇನೆ. ಬಲ್ಲವರಿಗಷ್ಟೇ ಕಲಿಸುವುದಾದರೆ ಕಲಿಸುವವರಿಗೇನು ಕೆಲಸ?

ಹುನಗುಂದದಲ್ಲಿ ಶುರುವಾಗುವ ಎರಡನೆಯ ತಂಡದಲ್ಲಿ ನನಗೊಂದು ಜಾಗ ಕೊಡಿ. ಇಲ್ಲವಾದರೆ ಇನ್ನೊಂದು ವಿಷಯ ತಿಳಿದಿರಲಿ: ಜೋಹರಾ ಚಾಚಿ ಪುಸ್ತಕ ಮರಳಿಸಬೇಕಾದ್ದು ಬರುವ ಐದನೆಯ ತಾರೀಖು. ಕೋಣೆಗೆ ಬೀಗ ಬಿದ್ದಿದ್ದರೆ ನೇರ ನಿಮ್ಮ ಕಚೇರಿಗೇ ತರುತ್ತಾಳಂತೆ, ಮುಂದಿನ ಪುಸ್ತಕವನ್ನೂ ನಿಮ್ಮಲ್ಲೇ ಕೇಳುತ್ತಾಳಂತೆ. ಆಕೆಗೆ ಅಕ್ಷರ ಬಾರದು, ಇಲ್ಲಿ ಓದಿ ಹೇಳುವವಳು ನಾನೇ. ಗಟ್ಟಿಯಾಗಿ ಓದಿ ಹೇಳುವವರೊಬ್ಬರನ್ನು ಅಷ್ಟರೊಳಗೆ ತರಬೇತಿ ಕೊಟ್ಟು ಕೂರಿಸಿರಿ.

ಇಂತಿ,
ಇನ್ನು ಹನ್ನೆರಡು ದಿನದ ಮಟ್ಟಿಗೆ ಕೀಲಿ ಉಳ್ಳವಳು,
ಫರಹಾನಾ, ಇಳಕಲ್