ಮಾರಿಬೆಲ್ ಬಾಯಿ ಬಿಟ್ಟಳು

ಡಾಲ್ಟನ್, ಜಾರ್ಜಿಯಾ
ಅಕ್ಟೋಬರ್ ೯

ಪ್ರೀತಿಯ ಅಮ್ಮಾ,

ಅಜ್ಜಿಯ ಸೊಂಟ ಹೇಗಿದೆ? ಎದ್ದು ಓಡಾಡುತ್ತಾಳಾ? ನೀನೀಗ ಇರುವ ಅವಳ ಊರಿಗೆ ಫೋನ್ ಸಿಕ್ಕರೂ ಮಾತು ಅರ್ಧಕ್ಕೇ ಕಡಿದುಹೋಗುತ್ತದೆ. ಅದಕ್ಕೇ ಅಲ್ಲಿಗೆ ಹೊರಟಿರುವ ಚೆಮಾ ಮಾವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಹತ್ತನೇ ತರಗತಿಗೆ ಶಾಲೆ ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದೇ ಅಪರೂಪ, ಒಂದು ಕಡೆ ಕೂರುವುದಂತೂ ನನ್ನಿಂದಾಗದು. ಇದನ್ನು ಬರೆಯುವಾಗಲೂ ಎದ್ದೆದ್ದು ಅಂಗಳ ಸುತ್ತಿ ಬರುತ್ತಿದ್ದೇನೆ. ಆದರೆ ಶುಕ್ರವಾರ ಕಂಡದ್ದನ್ನು ನಿನಗೆ ಹೇಳದೆ ಇರಲಾರೆ.

ತಂಗಿ ಮಾರಿಬೆಲ್ ತನ್ನ ಫುಟ್‌ಬಾಲ್ ಆಟದ ವಿಡಿಯೋಗಳನ್ನು ಕಂಡಕಂಡ ಕಾಲೇಜುಗಳಿಗೆಲ್ಲ ಕಳಿಸುತ್ತಿದ್ದದ್ದು ನಿನಗೆ ಗೊತ್ತಲ್ಲ. ಉತ್ತರ ಬರೆದದ್ದು ಒಬ್ಬರೇ, ಕೋಚ್ ಡ್ರಿಸ್ಕಲ್ ಎಂಬ ಹೆಂಗಸು. ಇವಳು ಶಾಲೆ ಮುಗಿಸಿ ಸೇರುವ ವರ್ಷಕ್ಕೆ ತಂಡದಲ್ಲಿ ಮಧ್ಯದಲ್ಲಿ ಆಡುವವರ ಜಾಗ ಒಂದೇ ಉಳಿದಿದೆ, ಬಂದು ಹೋಗಿ ಎಂದು ಕರೆಸಿದ್ದರು. ಕಾಲೇಜೇನೂ ದೂರವಿಲ್ಲ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಹೋಗಿ ಸೇರಬಹುದು.

ಅಪ್ಪ ಹೋದ ಮೇಲೆ ನಮ್ಮ ಮನೆಗೆ ಬಾಯಿ ಅಂದರೆ ನಾನೇ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮನೆ ಮಾಲೀಕನ ಮುಂದೆ ನಿಮ್ಮೆಲ್ಲರ ಪರವಾಗಿ ಇಂಗ್ಲಿಷಿನಲ್ಲಿ ಮಾತಾಡಿದವನು ನಾನು. ಅದೇ ಅಭ್ಯಾಸ. ಕೋಚ್ ಮಾರಿಬೆಲ್‌ಳನ್ನು, "ನಿನಗೆ ನಮ್ಮ ತಂಡಾನೇ ಯಾಕೆ ಬೇಕು?" ಎಂದು ಕೇಳಿದರು. ಉತ್ತರ ನಾನು ಕೊಟ್ಟೆ.

"ನಿಮ್ದೇ ಆಗ್ಬೇಕು ಅಂತೇನಿಲ್ಲ ಮೇಡಂ. ಇನ್ನೂ ಮೂರು ಕಾಲೇಜಿನವರು ಕೇಳ್ತಾ ಇದಾರೆ. ಬೇಗ ಹೇಳಿದ್ರೆ ನಿಮಗೇ ಒಳ್ಳೇದು."

"ಹೌದಾ? ಯಾರ್ಯಾರು?"

ಬಾಯಿಗೆ ಬಂದ ಒಂದು ಕಾಲೇಜಿನ ಹೆಸರು ಹೇಳಿದೆ.

"ಅಲ್ಲಿನ ಕೋಚ್ ನನ್ನ ತಂಗಿ," ಎಂದರು. "ಯಾರ್ಯಾರನ್ನ ನೋಡ್ತಿದೀವಿ ಅಂತ ಪ್ರತಿ ಭಾನುವಾರ ಮಾತಾಡ್ಕೋತೀವಿ."

ಅಮ್ಮಾ, ನನಗೆ ಭೂಮಿ ಬಿರಿಯಬಾರದೇ ಅನ್ನಿಸಿತು. ಆಗ ಮಾರಿಬೆಲ್ ಮೆಲ್ಲಗೆ ಹೇಳಿದಳು: "ಯಾರೂ ಕೇಳಿಲ್ಲ ಮೇಡಂ. ನೀವೊಬ್ಬರೇ. ನಮ್ಮಣ್ಣ ಶನಿವಾರದ ಸಂತೇಲಿ ಹಳೇ ಟೈರ್ ಮಾರ್ತಾನೆ. ಅವನ ಹತ್ರ ಇರೋ ಪ್ರತಿ ಟೈರನ್ನೂ ಇನ್ನೂ ಮೂರು ಜನ ಕೇಳ್ಕೊಂಡು ಹೋಗಿರ್ತಾರೆ. ಇವತ್ತು ನನ್ನೂ ಅಲ್ಲೇ ಜೋಡಿಸಿಟ್ಟಿದಾನೆ."

ಕೋಚ್ ನಗಲಿಲ್ಲ. "ನಿನ್ನ ಕಾಲು ಚೆನ್ನಾಗಿದೆ," ಎಂದರು. "ಆದ್ರೆ ಅಷ್ಟೂ ವಿಡಿಯೋದಲ್ಲಿ ನಿನ್ನ ದನಿ ಒಂದು ಸಲಾನೂ ಕೇಳಲಿಲ್ಲ. ಮಧ್ಯದಲ್ಲಿ ಆಡೋಳು ಹತ್ತು ಜನಾನ ಕೂಗಿ ನಡೆಸ್ಬೇಕು. ಬಾಯೇ ಬಿಡದೋಳನ್ನ ತಗೊಂಡು ನಾನೇನ್ ಮಾಡ್ಲಿ?"

ನನ್ನ ಬಾಯಿ ತಂತಾನೇ ತೆರೆಯಿತು. ಕೋಚ್ ನನ್ನ ಕಡೆ ನೋಡದೆಯೇ ಕೈ ಅಡ್ಡ ಹಿಡಿದರು. "ನೀವಲ್ಲ. ಬೂಟು ತಂದಿದೀಯಾ, ಮಾರಿಬೆಲ್?"

ಅವಳನ್ನು ತಂಡದ ಜೊತೆ ಆಡಲು ಬಿಟ್ಟರು. ನಾನು ಬೇಲಿಯ ಆಚೆ ನಿಂತೆ. ಆ ಹುಡುಗಿಯರ ಭುಜಕ್ಕೆ ಬರುತ್ತಾಳೆ ನಿನ್ನ ಮಗಳು. ಮೊದಮೊದಲು ಅದೇ ಮೌನ. ಕೆಂಪು ಕೂದಲಿನ ಒಬ್ಬಳು ಬಂದು ಚೆಂಡು ಕಿತ್ತುಕೊಂಡು ಹೋದಳು, ಇನ್ನೊಂದು ಸಲ ಇವಳನ್ನು ಕೆಡವಿಯೇ ಹೋದಳು. ಮುಗಿಯಿತು, ಕಾರು ತಿರುಗಿಸಬೇಕು ಅಂದುಕೊಂಡೆ.

ಆಗ ಒಂದು ದನಿ ಬಂತು. "ಎಡಕ್ಕೆ. ಎಡಕ್ಕೆ ತಿರುಗು, ಖಾಲಿ ಇದೆ." ಯಾರೆಂದು ಸುತ್ತ ನೋಡಿದೆ. ನಾವು ಬೀದಿಯಲ್ಲಿ ಆಡುತ್ತಿದ್ದಾಗ ಊಟಕ್ಕೆ ನೀನು ಕೂಗಿ ಕರೆಯುತ್ತಿದ್ದೆಯಲ್ಲ, ಅದೇ ದನಿ. ಅದು ಇಷ್ಟು ವರ್ಷ ಅವಳೊಳಗೆ ಎಲ್ಲಿತ್ತೋ. ಆಟ ಬಿರುಸಾದಂತೆ ಇಂಗ್ಲಿಷ್ ಬಿಟ್ಟು ಸ್ಪ್ಯಾನಿಷಿನಲ್ಲೇ ಕೂಗತೊಡಗಿದಳು. ಆ ಹುಡುಗಿಯರಿಗೆ ನಮ್ಮ ಭಾಷೆಯ ಒಂದಕ್ಷರ ಬರುವುದಿಲ್ಲ. ಆದರೂ ಅವಳು ಕೂಗಿದ ಕಡೆ ತಿರುಗಿದರು, ಓಡಿದರು, ಅವಳು ಒದ್ದ ಚೆಂಡು ಅವರಿಗಿಂತ ಮೊದಲೇ ಅಲ್ಲಿ ಕಾಯುತ್ತಿತ್ತು.

ಕೋಚ್ ಬೇಲಿಯ ಹತ್ತಿರ ಬಂದು ಕೇಳಿದರು: "ಏನಂತ ಕೂಗ್ತಿದಾಳೆ?"

ನನ್ನ ಜೀವನದಲ್ಲಿ ಮೊದಲ ಸಲ ನಾನು ಅನುವಾದ ಮಾಡಲಿಲ್ಲ. "ಅವರಿಗೆ ಅರ್ಥ ಆಗ್ತಿದೆಯಲ್ಲ ಮೇಡಂ," ಎಂದೆ.

ಆಟ ನಿಂತ ಮೇಲೆ, ಜಾಗ ನಿನ್ನದು ಎಂದು ಅವಳಿಗೇ ಹೇಳಿದರು, ನನಗಲ್ಲ. ನಾನು, "ಹೂಂ ಅನ್ನೇ," ಎಂದು ತಿವಿದೆ. "ನೀನ್ ಸುಮ್ನಿರೋ," ಎಂದು ನನ್ನನ್ನು ಗದರಿ, ಅಮ್ಮನನ್ನು ಕೇಳದೆ ಮಾತು ಕೊಡುವುದಿಲ್ಲ ಎಂದುಬಿಟ್ಟಳು. ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ.

ಅಜ್ಜಿಯ ಕಾಲಿಗೆ ನನ್ನ ಮುತ್ತು ತಲುಪಿಸು.

ನಿನ್ನ ವಾಚಾಳಿ ಮಗ,
ಎಲಿಸೆಯೊ

ಮರೆತ ಮಾತು: ಕಾಲೇಜು ದೂರವಿಲ್ಲ ಎಂದದ್ದು ಸುಳ್ಳು. ಹೋಗುವಾಗ ಒಂದು ರಾತ್ರಿ ದಾರಿಯಲ್ಲೇ ಉಳಿದುಕೊಂಡು ಹೋದೆವು, ಅಷ್ಟು ದೂರ. ಚಳಿಗಾಲವಿಡೀ ಹಿಮವಂತೆ. ಹೆಣ್ಣುಮಗಳನ್ನು ಅಷ್ಟು ದೂರ ಬಿಡುವುದಿಲ್ಲ ಎನ್ನುತ್ತೀಯೆಂದು ಹೆದರಿ ಹಾಗೆ ಬರೆದೆ. ಭಾನುವಾರ ಫೋನ್ ಮಾಡುತ್ತೇವೆ. ಒಂದು ಹೂಂ ಹೇಳುವಷ್ಟು ಹೊತ್ತು ಲೈನ್ ಇದ್ದರೂ ಸಾಕು. ಹೂಂ ಆಗಲಿ, ಉಹೂಂ ಆಗಲಿ, ನನಗೆ ಹೇಳಬೇಡ. ಅವಳಿಗೇ ಹೇಳು.