ಕೆಂಪಗಾಗಲು ನುಂಗಿದ್ದು ಕಪ್ಪಗಾಗುವ ಗುಳಿಗೆ

ಗುಳಿಗೆ, ಪುಡಿ, ಟಾನಿಕ್ಕುಗಳ ಮೇಲೆ ಕಣ್ಣಿಡಲೆಂದೇ ಸರ್ಕಾರ ಕೂರಿಸಿರುವ ಮಾನ್ಯ ಅಧಿಕಾರಿಗಳೇ,

ನನ್ನ ತಂಗಿಯ ಅಂಗೈ, ಅಂಗಾಲು ಹಳದಿಯಾಗಿ ಎರಡು ತಿಂಗಳಾಯಿತು. ತಾವು ಬರೆದುಕೊಡಬೇಕಾದ ಕಾಗದ ಮಾತ್ರ ಇನ್ನೂ ಬಿಳಿಯಾಗಿಯೇ ಇದೆ. ನಾನು ಅರ್ಜಿ ಕೊಟ್ಟು ಇಂದಿಗೆ ನಲವತ್ತೊಂದು ದಿನ. ಕೇಳಿದ್ದು ಕಷ್ಟದ ಪ್ರಶ್ನೆಯೇನಲ್ಲ. ಪೂರಕ ಆಹಾರವೆಂದು ಮಾರುವ ಗುಳಿಗೆ ನುಂಗಿದರೆ ಬಿಸಿಲಿಗೆ ಮೈ ಬೇಗ ಕಂದುಬಣ್ಣಕ್ಕೆ ತಿರುಗುತ್ತದೆಯೇ, ಇಲ್ಲವೇ? ಒಂದು ಸಾಲು ಬರೆದು, ಕೆಳಗೆ ಮೊಹರು ಒತ್ತಿದರೆ ಸಾಕಿತ್ತು. ಆ ಒಂದು ಸಾಲಿಗಾಗಿ ಹಾನಗಲ್ಲಿನಲ್ಲಿ ಒಂದು ಉಂಗುರ ಡಬ್ಬಿಯಲ್ಲೇ ಕುಳಿತಿದೆ.

ಬಿಸಿಲಿಗೆ ಕಪ್ಪಾಗಲು ಗುಳಿಗೆಯೇ ಎಂದು ತಾವು ನಗಬಹುದು. ನಾನೂ ನಕ್ಕಿದ್ದೆ. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ಈ ನಾಲ್ಕು ತಾಲೂಕುಗಳಲ್ಲಿ ಬಿಸಿಲು ಸಾಲುತ್ತಿಲ್ಲವೆಂದು ಈವರೆಗೆ ಯಾರಾದರೂ ಮನವಿ ಸಲ್ಲಿಸಿದ ದಾಖಲೆ ತಮ್ಮಲ್ಲಿದೆಯೇ? ದುಂಡಸಿಯ ನನ್ನ ಗೆಳೆಯ ಕುಬೇರಪ್ಪನಿಗೆ ಗುಳಿಗೆಯ ಡಬ್ಬಿ ತೋರಿಸಿದಾಗ ಆತ ಅದನ್ನು ತಿರುವಿ ಮುರುವಿ ನೋಡಿ, "ಇದಕ್ಕ ಗುಳಗಿ ಯಾಕ ಬೇಕೋ ಫಯಾಜ? ನಮ್ಮ ಮೆಣಸಿನ ಹೊಲದಾಗ ನಾಕು ದಿನ ಕಳೆ ತಗೀಲಿ, ಪುಕ್ಕಟ ಆಕ್ಕೈತಿ" ಎಂದ. ಸಮುದ್ರದ ದಂಡೆಯಲ್ಲಿ ಅಂಗಾತ ಮಲಗಿ ಮೈ ಕಂದಿಸಿಕೊಳ್ಳುವ ಬಿಳಿಯರಿಗೆಂದು ಮಾಡಿದ ಮಾಲು ಶಿಗ್ಗಾಂವದ ಹೆದ್ದಾರಿ ಪಕ್ಕದ ಅಂಗಡಿಗೆ ಹೇಗೆ ಬಂತು, ಯಾರ ಕಣ್ತಪ್ಪಿಸಿ ಬಂತು ಎಂಬುದು ತಮಗೇ ಗೊತ್ತಿರಬೇಕು.

ನನ್ನ ಪರಿಚಯ ಹೇಳುತ್ತೇನೆ. ಸವಣೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ತಾಯಿ ಬಿಬಿಜಾನ, ತಂಗಿ ಮಾಹೀರಾ, ನಾನು, ಮೂರೇ ಜನರ ಮನೆ. ಮಾಹೀರಾಳಿಗೆ ಹಾನಗಲ್ಲಿನ ಬಾನುಬಿಯವರ ಮಗ ಅಸದನ ಸಂಬಂಧ ಬಂದಿತ್ತು. ಅವರು ಫೋಟೊ ನೋಡಿ ಒಪ್ಪಿದ್ದರು, ಹುಡುಗಿಯನ್ನು ನೋಡಲು ಬರುವುದಷ್ಟೇ ಬಾಕಿ. ನಮ್ಮ ತಾಯಿಗೆ ಅದೇಕೋ ಕಳವಳ ಹತ್ತಿತು. ಅವರು ಬರುವುದರೊಳಗೆ ಹುಡುಗಿ ಇನ್ನಷ್ಟು ಕೆಂಪಗಾಗಬೇಕು ಎಂದು ಹಟ ಹಿಡಿದಳು. ನಮ್ಮ ಕಡೆ ಬೆಳ್ಳಗಿರುವವರನ್ನೇ ಕೆಂಪಗಿದ್ದಾರೆ ಎನ್ನುವುದು ತಮಗೆ ಗೊತ್ತಿದ್ದದ್ದೇ. ಆ ಕಳವಳಕ್ಕೆ ಕಾರಣ ಏನೆಂಬುದನ್ನು ಆಮೇಲೆ ಹೇಳುತ್ತೇನೆ, ಹೇಳಲು ನನಗೆ ಸ್ವಲ್ಪ ನಾಚಿಕೆ.

ತಾಯಿ ಶಿಗ್ಗಾಂವದ ಆ ಅಂಗಡಿಗೆ ಹೋದಳು. ಡಬ್ಬಿಯ ಮೇಲೆ ಒಬ್ಬಳೇ ಹೆಂಗಸಿನ ಎರಡು ಚಿತ್ರ. ಎಡಕ್ಕೆ ಸುಣ್ಣದಂತೆ ಬೆಳ್ಳಗಿರುವ ಮುಖ, ಬಲಕ್ಕೆ ಅದೇ ಮುಖ ಕಂದು. ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಮಾನ್ಯರೇ, ನಮ್ಮ ತಾಯಿ ಅನಕ್ಷರಸ್ಥೆಯಲ್ಲ. ಉರ್ದು ಶಾಲೆಯಲ್ಲಿ ಏಳನೇ ಇಯತ್ತೆ ಓದಿದವಳು, ಇವತ್ತಿಗೂ ದಿನಾ ಓದುತ್ತಾಳೆ. ಉರ್ದುವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಅವಳು ಆ ಡಬ್ಬಿಯನ್ನೂ ಹಾಗೆಯೇ ಓದಿದಳು. ಮೊದಲು ಕಪ್ಪು ಮುಖ, ಆಮೇಲೆ ಬೆಳ್ಳನೆಯ ಮುಖ! ಬಲಗಡೆಯ ಚಿತ್ರದ ಮೇಲೆ ಬೆರಳಿಟ್ಟು ಎಡಕ್ಕೆ ಎಳೆಯುತ್ತ, "ಹಿಂಗಿದ್ದಾಕಿ ಹಿಂಗ ಆಗ್ತಾಳೇನ್ರಿ?" ಎಂದು ಅಂಗಡಿಯವನನ್ನು ಕೇಳಿದಳು. ಬೆರಳು ಯಾವ ದಿಕ್ಕಿಗೆ ಹೋಯಿತೆಂದು ನೋಡಿಯೂ ಆತ, "ಹೌದ್ರಿ ಅವ್ವಾರ, ದಿನಾ ಎರಡು, ತಪ್ಪಸಬ್ಯಾಡ್ರಿ" ಎಂದನಂತೆ. ಬೆರಳು ಅತ್ತಲಿಂದ ಇತ್ತ ಹೋಗಿದ್ದರೂ ಆತ ಇದನ್ನೇ ಹೇಳುತ್ತಿದ್ದ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಮಾಹೀರಾ ಎರಡು ತಿಂಗಳು ನುಂಗಿದಳು. ಕೆಂಪಗಾಗಬೇಕಾದವಳು ಬಿಸಿಲಿಗೆ ಹೋಗಬಾರದೆಂದು ತಾಯಿ ಅವಳನ್ನು ಹೊಸ್ತಿಲು ದಾಟಗೊಡಲಿಲ್ಲ. ಅದೇ ದಿನಗಳಲ್ಲಿ ನಾನು ಮದುವೆ ಗೊತ್ತಾದ ಜೋಡಿಯೊಂದರ ಫೋಟೊ ತೆಗೆಯಲು ಅಬಲೂರಿನ ಗುಡಿಯ ಬಯಲಿನಲ್ಲಿ ನಾಲ್ಕು ದಿನ ನಿಂತಿದ್ದೆ. ಫಲಿತಾಂಶ ತಮ್ಮ ಕಡತಕ್ಕೆ ಇರಲಿ: ಗುಳಿಗೆ ನುಂಗಿದವಳು ಹಳದಿಯಾದಳು, ನುಂಗದ ನಾನು ಕಪ್ಪಾದೆ. ಇಷ್ಟು ಅಗ್ಗದ ಸಂಶೋಧನೆ ಯಾವ ಪ್ರಯೋಗಾಲಯದಲ್ಲಿ ನಡೆದೀತು?

ಬಾನುಬಿಯವರು ಬಂದರು. ಉಂಗುರದ ಅಳತೆ ನೋಡಲು ಮಾಹೀರಾಳ ಕೈ ಹಿಡಿದವರು ಅಂಗೈ ತಿರುವಿದರು. "ಮೆಹಂದಿ ಯಾವಾಗ ಹಚ್ಚಿದ್ರಿ?" ನಮ್ಮ ತಾಯಿ ಧೈರ್ಯವಾಗಿ, "ನಿನ್ನೆರಿ" ಎಂದಳು. ಬಾನುಬಿಯವರು ಹುಡುಗಿಯ ಮುಖವನ್ನು ಬೆಳಕಿಗೆ ತಿರುಗಿಸಿ, "ಮೂಗಿಗೂ ಹಚ್ಚೀರೇನು?" ಎಂದರು. ಅವರು ಅಷ್ಟರಲ್ಲೇ ಕಾಮಾಲೆ ಎಂದು ತೀರ್ಮಾನಿಸಿಬಿಟ್ಟಿದ್ದರು. ಚಹಾ ಕುಡಿಯದೆ ಎದ್ದುಹೋದರು. ಅಂದು ನನ್ನ ತಂಗಿ ಎರಡೂ ಕೈಗಳನ್ನು ದುಪ್ಪಟ್ಟಾದಲ್ಲಿ ಸುತ್ತಿಕೊಂಡು ಅಡುಗೆಮನೆಯಲ್ಲಿ ಕುಳಿತುಬಿಟ್ಟಳು. ನನಗೆ ಬಹಳ ಕೆಡುಕೆನಿಸಿತು.

ಡಾಕ್ಟರ್ ಕಣ್ಣು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. "ಕಾಮಣಿ ಆಗಿದ್ರ ಕಣ್ಣಿನ ಬಿಳಿ ಭಾಗನೂ ಹಳದಿ ಆಗ್ತಿತ್ತು. ಇಕಿ ಕಣ್ಣು ಸ್ವಚ್ಛ ಐತಿ, ರಕ್ತನೂ ಸರಿ ಐತಿ. ದಿನಾ ಬುಟ್ಟಿಗಟ್ಟಲೆ ಗಜ್ಜರಿ ತಿಂದವರಿಗೆ ಹಿಂಗ ಆಗ್ತದ. ಗುಳಗಿಯೊಳಗ ಅದ ಬಣ್ಣ ಐತಿ. ಬಿಟ್ಟುಬಿಡ್ರಿ, ನಿಧಾನಕ ಇಳೀತದ" ಎಂದರು. ಮೈ ಬಿಸಿಲಿಗೆ ಕಂದುವುದೇ ಬೇರೆ, ಹೊಟ್ಟೆಗೆ ಹೋದ ಬಣ್ಣ ಚರ್ಮದಲ್ಲಿ ಕೂರುವುದೇ ಬೇರೆ. ಇಂಥ ಗುಳಿಗೆಯಿಂದ ಮೈ ಬೇಗ ಕಂದುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲ, ಇವುಗಳಲ್ಲಿ ಕೆಲವು ಕಣ್ಣಿಗೂ ಕೇಡು ಎಂದೂ ತಿಳಿಸಿ ಹೇಳಿದರು. ಡಾಕ್ಟರ್ ಬರೆದುಕೊಟ್ಟ ಚೀಟಿಯನ್ನು ಹಾನಗಲ್ಲಿಗೆ ಒಯ್ದೆ. ಬಾನುಬಿಯವರು ಅದನ್ನು ಮುಟ್ಟಲೂ ಇಲ್ಲ. "ಡಾಕ್ಟರ್ ನಿಮ್ಮೂರಾವ್ರು. ಸರಕಾರದ ಸಿಕ್ಕಾ ಇರೋ ಕಾಗದ ತರ್ರಿ" ಎಂದರು. ನೋಡಿ ಸ್ವಾಮಿ, ಸರ್ಕಾರದ ಮೊಹರಿನ ಮೇಲೆ ಇಷ್ಟು ನಂಬಿಕೆ ಇಟ್ಟವರು ಈ ಕಾಲದಲ್ಲೂ ಇದ್ದಾರೆ.

ಆದ್ದರಿಂದಲೇ ತಮ್ಮ ಬಾಗಿಲಿಗೆ ಬಂದೆ. ಔಷಧ ನೋಡುವ ಮೇಜಿನವರು, ಇದು ಆಹಾರ, ಪಕ್ಕದ ಕೋಣೆಗೆ ಹೋಗಿ ಎಂದರು. ಪಕ್ಕದ ಕೋಣೆಯವರು ಡಬ್ಬಿ ಅಲ್ಲಾಡಿಸಿ, ಇದು ಗುಳಿಗೆ, ಆಚೆ ಮೇಜಿಗೆ ಹೋಗಿ ಎಂದರು. ರೊಟ್ಟಿಯ ಜೊತೆ ಹಚ್ಚಿಕೊಂಡು ತಿನ್ನಲಾಗದ ಇದು ಯಾವ ಸೀಮೆಯ ಆಹಾರ? ಕೊನೆಗೆ ಒಬ್ಬ ಗುಮಾಸ್ತರು ಅರ್ಜಿಯನ್ನು ಪೂರ್ತಿ ಓದಿ, "ಇದು ಕಪ್ಪಾಗೂ ಗುಳಗಿ. ನಿಮ್ಮ ತಂಗಿ ಕಪ್ಪಾಗಿಲ್ಲ. ಮತ್ತ ತಕರಾರು ಏನ್ರಿ?" ಎಂದು ಕೇಳಿದರು. ಅವರ ಬುದ್ಧಿಗೆ ನಾನು ತಲೆಬಾಗಿದೆ. ಸುಳ್ಳು ಹೇಳಿ ಮಾರಿದ ಮಾಲು ಕೆಲಸ ಮಾಡದಿದ್ದರೆ ಅದು ಗಿರಾಕಿಯ ಭಾಗ್ಯ ಎಂಬ ನಿಯಮ ಯಾವ ಕಾಯ್ದೆಯಲ್ಲಿದೆ ಎಂದು ಕೇಳುವಷ್ಟರಲ್ಲಿ ಅವರ ಊಟದ ಹೊತ್ತಾಗಿತ್ತು.

ಈಗ ನಾಚಿಕೆಯ ಮಾತು. ಹಾನಗಲ್ಲಿಗೆ ಹೋದ ಆ ಫೋಟೊ ತೆಗೆದವನು ನಾನೇ. ಕಂಪ್ಯೂಟರಿನಲ್ಲಿ ಅವಳನ್ನು ಕೆಂಪಗೆ ಮಾಡಿದವನೂ ನಾನೇ. ಕೇಳಿದರೂ, ಕೇಳದಿದ್ದರೂ ಎಲ್ಲರಿಗೂ ಮಾಡುತ್ತೇನೆ, ಕೈ ತಾನಾಗಿಯೇ ಮಾಡಿಬಿಡುತ್ತದೆ. ಅವರು ಒಪ್ಪಿದ್ದು ಆ ಬಣ್ಣವನ್ನು. ಫೋಟೊಕ್ಕೂ ಮಗಳಿಗೂ ತಾಳೆಯಾಗಬೇಕಲ್ಲ ಎಂಬ ಭಯಕ್ಕೇ ನಮ್ಮ ತಾಯಿ ಶಿಗ್ಗಾಂವದ ಬಸ್ಸು ಹತ್ತಿದ್ದು. ಅಂಗಡಿಯವನು ಎರಡನೇ ಅಪರಾಧಿ ಮಾತ್ರ.

ಹೋದ ಶುಕ್ರವಾರ ಮಾಹೀರಾ ಸ್ಟುಡಿಯೊಕ್ಕೆ ಬಂದು ದೀಪದ ಕೆಳಗೆ ಕುಳಿತಳು. ಎರಡೂ ಹಳದಿ ಅಂಗೈಗಳನ್ನು ಮುಖದ ಪಕ್ಕ ಹಿಡಿದು, "ತಗಿ ಭಾಯಿ. ತಗದ ಮ್ಯಾಲೆ ಏನೂ ಮುಟ್ಟಬ್ಯಾಡ" ಎಂದಳು. ಆ ಫೋಟೊವನ್ನು ತಾನೇ ಅಸದನಿಗೆ ಕಳಿಸಿದಳು. ಜೊತೆಗೆ ಬರೆದದ್ದು ಇಷ್ಟು: "ಇದು ಈಗಿನ ಬಣ್ಣ. ಕೆಲವು ತಿಂಗಳಿಗೆ ಮೊದಲಿನ ಬಣ್ಣ ಬರ್ತದ. ಫೋಟೊದಾಗ ನೀವು ನೋಡಿದ ಬಣ್ಣ ಎಂದೂ ಬರೂದಿಲ್ಲ." ಹತ್ತೇ ನಿಮಿಷದಲ್ಲಿ ಅಸದನ ಉತ್ತರ ಬಂತು: "ನಾನೂ ಫೋಟೊದಾಗ ಇದ್ದಷ್ಟು ಎತ್ತರ ಇಲ್ಲ. ಸ್ಟೂಲಿನ ಮ್ಯಾಲೆ ನಿಂತಿದ್ದೆ." ಎರಡು ತಿಂಗಳ ಮೇಲೆ ನನ್ನ ತಂಗಿ ಬಾಯ್ತುಂಬ ನಕ್ಕಳು.

ಆದರೆ ಬಾನುಬಿಯವರಿಗೆ ಕಾಗದವೇ ಬೇಕು, ಅದು ಬರುವ ತನಕ ಉಂಗುರ ಡಬ್ಬಿಯಿಂದ ಏಳುವುದಿಲ್ಲ. ಹುಡುಗನಿಗೆ ಹತ್ತು ನಿಮಿಷ ಸಾಕಾದ ಕೆಲಸಕ್ಕೆ ತಮಗೆ ಇನ್ನು ಹತ್ತು ದಿನ ಕೊಡುತ್ತೇನೆ. ಈ ಗುಳಿಗೆಯಿಂದ ಮೈ ಬೇಗ ಕಂದುವುದಿಲ್ಲ, ಅಂಗೈಯ ಹಳದಿ ರೋಗವಲ್ಲ ಎಂದು ಬರೆದು ಮೊಹರು ಒತ್ತಿ ಕೊಡಿ. ಆ ಅಂಗಡಿಗೆ ನೋಟಿಸು ಕಳಿಸಿ. ಹಾಗೆಯೇ ನನ್ನ ಸ್ಟುಡಿಯೊಕ್ಕೂ ಒಂದು ಕಳಿಸಿ, ಗೋಡೆಗೆ ಅಂಟಿಸಿಕೊಳ್ಳುತ್ತೇನೆ. ಇಲ್ಲವಾದರೆ ಒಂದು ಸಂಗತಿ ನೆನಪಿಸಬೇಕಾಗುತ್ತದೆ. ಕಳೆದ ವರ್ಷ ತಮ್ಮ ಜಾಗೃತಿ ಸಪ್ತಾಹದ ಬ್ಯಾನರು ಮಾಡಿದ್ದು ನಾನು. ತಮ್ಮ ಫೋಟೊ ತಂದ ಜವಾನರು, "ಸಾಹೇಬ್ರನ್ನ ಸ್ವಲ್ಪ ಕೆಂಪಗ ಮಾಡ್ರಿ" ಎಂದಿದ್ದರು. ಮಾಡಿಕೊಟ್ಟೆ. ಮೂಲ ಫೋಟೊ ನನ್ನ ಕಂಪ್ಯೂಟರಿನಲ್ಲಿ ಹಾಗೆಯೇ ಇದೆ, ಮತ್ತು ಬ್ಯಾನರಿನಲ್ಲಿ ಇರುವುದಕ್ಕಿಂತ ತಾವು ಅದರಲ್ಲೇ ಚೆನ್ನಾಗಿ ಕಾಣುತ್ತೀರಿ.

ಇಂತಿ,
ಸ್ವಂತ ತಂಗಿಯನ್ನೂ ಬಿಡದೆ ಊರನ್ನೆಲ್ಲ ಕೆಂಪಗೆ ಮಾಡಿ, ಅಬಲೂರಿನ ಬಿಸಿಲಿಗೆ ತಾನು ಕಪ್ಪಾಗಿ ಕುಳಿತ
ಫಯಾಜ, ಫೋಟೊಗ್ರಾಫರ್, ಸವಣೂರ