ಅಕ್ಕನ ನಾಲಿಗೆ ಕೆಟ್ಟಿಲ್ಲ, ಮಾನ್ಯರೇ

ಮಾನ್ಯ ಔಷಧಿ ತೋಟಗಳ ನಿರ್ದೇಶಕರೇ,

ನನ್ನ ಅಕ್ಕನ ನಾಲಿಗೆ ರುಚಿ ಕಳೆದುಕೊಂಡಿದೆ ಎಂದು ನಿಮ್ಮ ಕಚೇರಿ ಮೊಹರು ಒತ್ತಿ ಬರೆದುಕೊಟ್ಟಿದೆ. ಅದು ಸುಳ್ಳು. ಕಹಿ ಕಳೆದುಕೊಂಡದ್ದು ನಿಮ್ಮ ನೆಲಬೇವು. ಕಳೆದವನು ನಾನು, ಕಳೆಸಿದವರು ತಾವು.

ಅಕ್ಕ ಇಪ್ಪತ್ತಾರು ವರ್ಷ ನಿಮ್ಮ ಒಣಗಿಸುವ ಕೋಣೆಯಲ್ಲಿ ರುಚಿ ನೋಡುವವಳಾಗಿದ್ದಳು. ಪ್ರತಿ ಕಂತೆಯಿಂದ ಒಂದೆಲೆ ಅಗಿದು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಇಪ್ಪತ್ತರೊಳಗೆ ಕಹಿ ತಾಳದೆ ಕೈ ನೀರಿನ ಲೋಟಕ್ಕೆ ಹೋದರೆ ಕಂತೆ ಕಷಾಯಕ್ಕೆ, ಇಲ್ಲದಿದ್ದರೆ ತಿಪ್ಪೆಗೆ. ನಾನು ಅದೇ ತೋಟದ ಮಾಲಿ. ಮಡಿಗಳಿಗೆ ಹಳೇ ಸಗಣಿ ಗೊಬ್ಬರ ಒಂದೊಂದು ಹಿಡಿ ಹಾಕುತ್ತಿದ್ದೆ, ಅಷ್ಟೇ. ಗಿಡ ಮೊಣಕಾಲೆತ್ತರ, ಎಲೆ ಸಣ್ಣ, ಬಾಯಿಗಿಟ್ಟರೆ ಹೆತ್ತವ್ವ ನೆನಪಾಗುವ ಕಹಿ.

ಹೋದ ವರ್ಷ ತಾವು ದಯಮಾಡಿಸಿದಿರಿ. ಬದುವಿನಿಂದ ಕೆಳಗಿಳಿಯದೆಯೇ ಗಿಡ ಸೊರಗಿವೆ ಎಂದು ಕಂಡುಹಿಡಿದಿರಿ. ಹದಿನೈದು ದಿನಕ್ಕೊಮ್ಮೆ ಯೂರಿಯಾ ಎಂದು ಸುತ್ತೋಲೆ ಬಂತು. ಹಾಕಿದೆ. ಗಿಡ ಸೊಂಟದವರೆಗೆ ಬಂತು, ತಾವು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿರಿ. ಗಿಡಕ್ಕೆ ಸಾರಜನಕ ಬೇಡವೆಂದು ಯಾರಂದರು? ಆದರೆ ಮಿತಿಮೀರಿ ಉಣಿಸಿದರೆ ಅದು ಮೈ ಬೆಳೆಸಿಕೊಳ್ಳುತ್ತದೆ, ಕಹಿ ಕಟ್ಟುವ ಗೋಜಿಗೆ ಹೋಗುವುದಿಲ್ಲ. ಮಾಲಿಯ ಮಾತು ಬಿಡಿ, ನಿಮ್ಮದೇ ಪ್ರಯೋಗಾಲಯವನ್ನು ಕೇಳಬಹುದಿತ್ತಲ್ಲ? ಅಲ್ಲಿ ತೂಕ, ತೇವ, ಬಣ್ಣ ನೋಡುತ್ತಾರಂತೆ. ಕಹಿ ಅವರ ನಮೂನೆಯಲ್ಲಿಲ್ಲವಂತೆ.

ಆ ಬೆಳೆಯ ಎಲೆ ಅಗಿದು ಅಕ್ಕ ನಲವತ್ತು ಎಣಿಸಿದಳು, ನೀರು ಬೇಕಾಗಲಿಲ್ಲ. ಒಂಬತ್ತು ಕಂತೆ ತಳ್ಳಿಹಾಕಿದಳು. "ವಯೋಸಹಜವಾಗಿ ರುಚಿಗ್ರಹಣ ಶಕ್ತಿ ಕುಂದಿರುವುದರಿಂದ" ಎಂಬ ತಮ್ಮ ಆದೇಶ ಬಂತು. ಕಂತೆಗಳು ಕಷಾಯಕ್ಕೆ ಹೋದವು, ಅಕ್ಕ ಮನೆಗೆ ಹೋದಳು. ಯೂರಿಯಾ ಹಾಕಿದ ನಾನು ಬಾಗಿಲಲ್ಲೇ ನಿಂತಿದ್ದೆ, ತುಟಿಪಿಟಕ್ಕೆನ್ನಲಿಲ್ಲ. ನನ್ನ ಕೆಲಸವೂ ಹೋದೀತೆಂದು ಹೆದರಿದೆ. ನೆನೆದರೆ ನಾಚಿಕೆಯಾಗುತ್ತದೆ.

ಈಗ ಅವಳು ಅಡುಗೆಯ ಉಪ್ಪು ನೋಡಲೂ ಸೊಸೆಯನ್ನು ಕರೆಯುತ್ತಾಳೆ. ನಡೆದದ್ದನ್ನೆಲ್ಲ ಕೊನೆಗೂ ಅವಳ ಮುಂದೆ ಒಪ್ಪಿಕೊಂಡೆ. "ನೀನು ತಮ್ಮ, ಸಮಾಧಾನಕ್ಕೆ ಹೇಳ್ತೀಯ ಬಿಡು. ಅಷ್ಟು ಓದಿದೋರು ಮೊಹರು ಹಾಕಿ ಸುಳ್ಳು ಬರೀತಾರಾ?" ಎಂದಳು.

ಬೇಲಿಯಾಚೆ ಯೂರಿಯಾ ಕಾಣದೆ ಬೆಳೆದಿದ್ದ ಒಂದು ಗಿಡದ ಎಲೆ ತಂದುಕೊಟ್ಟೆ. ಅಗಿದಳು. ಹತ್ತು ಎಣಿಸುವುದರೊಳಗೆ ಮುಖ ಕಿವುಚಿಕೊಂಡಳು, ಕಣ್ಣಲ್ಲಿ ನೀರು ಬಂತು. ಗೆದ್ದೆ ಅಂದುಕೊಂಡೆ.

"ಕಹಿ ಅನ್ಸುತ್ತೆ ಕಣೋ. ಆದ್ರೆ ನನಗೆ ಅನ್ಸೋದನ್ನ ಇನ್ನು ಹೇಗೆ ನಂಬಲಿ?" ಎಂದಳು.

ಮಾನ್ಯರೇ, ಅದಕ್ಕೇ ಈ ಪತ್ರ. ಅವಳ ಕೆಲಸ ಮರಳಿ ಕೊಡಿ ಎನ್ನುತ್ತಿಲ್ಲ. ಯೂರಿಯಾ ನಿಲ್ಲಿಸಿ ಎಂದರೆ ತಾವು ನಿಲ್ಲಿಸುವವರೂ ಅಲ್ಲ. ಎಲೆಯಲ್ಲೇ ಕಹಿ ಇರಲಿಲ್ಲ ಎಂದು ಒಂದೇ ಒಂದು ಸಾಲು ಬರೆದು, ಅದೇ ಮೊಹರು ಒತ್ತಿ ಅವಳಿಗೆ ಕಳಿಸಿ. ಅವಳು ನನ್ನ ಮಾತು ನಂಬುವುದಿಲ್ಲ, ತನ್ನ ಬಾಯನ್ನೂ ನಂಬುವುದಿಲ್ಲ. ತಮ್ಮನ್ನು ಮಾತ್ರ ಈಗಲೂ ನಂಬುತ್ತಾಳೆ.

ಇಂತಿ,
ಸುತ್ತೋಲೆಯ ಪ್ರಕಾರ ಸೋಮವಾರ ಮತ್ತೆ ಯೂರಿಯಾ ಎರಚಲಿರುವ
ತಮ್ಮ ತೋಟದ ಮಾಲಿ